ಸೀಟಿ ಊದುವವರಿಗೂ ಬೇಕು ಒಬ್ಬ ಗುರು

ಮಗನ ಉತ್ತರಪತ್ರಿಕೆಯಲ್ಲಿ ನಾಲ್ಕು ಅಂಕ ಕಡಮೆ ಬಿದ್ದಿದೆಯೆಂದು ತೋರಿದರೆ ಮರುಎಣಿಕೆಗೆ ಅರ್ಜಿ ಹಾಕಬಹುದು. ಕೆಳಗಿನ ನ್ಯಾಯಾಲಯದ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲಿನ ನ್ಯಾಯಾಲಯವಿದೆ. ಅದರ ಮೇಲೂ ಮತ್ತೊಂದಿದೆ. ಆದರೆ ದೇವದುರ್ಗದ ಶಾಲಾ ಮೈದಾನವೊಂದರಲ್ಲಿ, ಆಗಸ್ಟ್ ತಿಂಗಳ ಮಧ್ಯಾಹ್ನ, ಕಬಡ್ಡಿ ಪಂದ್ಯದ ಕಡೆಯ ನಿಮಿಷದಲ್ಲಿ ಊದಿದ ಸೀಟಿಗೆ ಮೇಲ್ಮನವಿಯೆಂಬುದಿಲ್ಲ. ಊದಿದ್ದು ಊದಿದ್ದೇ.

ಆ ಸೀಟಿಯ ಬೆಲೆ ಎಷ್ಟೆಂಬುದನ್ನು ತಿಳಿಯಬೇಕಾದರೆ ಶಾಲಾ ಕ್ರೀಡಾಕೂಟಗಳ ಮೆಟ್ಟಿಲುಗಳನ್ನು ಒಮ್ಮೆ ಎಣಿಸಬೇಕು. ವಲಯದಲ್ಲಿ ಗೆದ್ದ ತಂಡ ತಾಲ್ಲೂಕಿಗೆ. ತಾಲ್ಲೂಕಿನಲ್ಲಿ ಗೆದ್ದದ್ದು ರಾಯಚೂರಿನ ಜಿಲ್ಲಾ ಕೂಟಕ್ಕೆ. ಅಲ್ಲಿಂದ ಕಲಬುರಗಿ ವಿಭಾಗಕ್ಕೆ. ಅದನ್ನೂ ದಾಟಿದರೆ ರಾಜ್ಯಮಟ್ಟಕ್ಕೆ. ದಸರಾ ಕ್ರೀಡಾಕೂಟದ ಏಣಿಯೂ ಇದೇ ಬಗೆಯದು, ಅದರ ತುದಿ ಮೈಸೂರು. ಕಬಡ್ಡಿ, ಖೊ ಖೊ, ವಾಲಿಬಾಲ್‌ಗಳಂಥ ತಂಡದ ಆಟಗಳಲ್ಲಿ ಗೆದ್ದವರಿಗೆ ಮಾತ್ರ ಮುಂದಿನ ಮೆಟ್ಟಿಲು. ಸೋತವರಿಗೆ ಇನ್ನೊಂದು ಅವಕಾಶ ಮುಂದಿನ ವರ್ಷವೇ. ಹತ್ತನೆಯ ತರಗತಿಯ ಹುಡುಗಿಗಾದರೆ ಆ ಮುಂದಿನ ವರ್ಷವೂ ಇಲ್ಲ. ಹೊಲದ ಕೆಲಸ ಬಿಡಿಸಿ ಮಗಳನ್ನು ಮೈದಾನಕ್ಕೆ ಕಳುಹಿದ ತಾಯಿತಂದೆಗಳು, ಅವಳು ಸೋತು ಬಂದ ದಿನ, ಆಟ ಸಾಕೆಂದು ತೀರ್ಮಾನಿಸುವುದು ಅಪರೂಪವೇನಲ್ಲ. ಸೋಲು ಆಕೆಯದಾಗಿದ್ದರೆ ಚಿಂತೆಯಿಲ್ಲ. ಸೀಟಿಯದಾಗಿದ್ದರೆ?

ಇಷ್ಟು ಭಾರವನ್ನು ಹೊತ್ತು ನಿಂತ ತೀರ್ಪುಗಾರ ಯಾರು? ಬಹುಪಾಲು ಆತನೊಬ್ಬ ದೈಹಿಕ ಶಿಕ್ಷಕ. ನಮ್ಮ ತಂದೆಯವರ ಕಾಲದಲ್ಲಿ ಡ್ರಿಲ್ ಮಾಸ್ತರ್ ಎಂದೂ, ನಮ್ಮ ಕಾಲದಲ್ಲಿ ಪಿ.ಟಿ. ಮಾಸ್ತರ್ ಎಂದೂ ಕರೆಯಿಸಿಕೊಂಡವರು ಇವರೇ. ಕ್ರೀಡಾಕೂಟದ ದಿನ ಇವರ ಕೆಲಸ ಬೆಳಗಿನ ಆರು ಗಂಟೆಗೆ ಸುಣ್ಣದ ಪುಡಿಯಿಂದ ಗೆರೆ ಹಾಕುವಲ್ಲಿಂದ ಆರಂಭವಾಗುತ್ತದೆ. ರಾಯಚೂರು ಜಿಲ್ಲೆಯ ಎರೆಭೂಮಿಯನ್ನು ಬಲ್ಲವರಿಗೆ ಇದರ ಕಷ್ಟ ಗೊತ್ತು. ಒಣಗಿದಾಗ ಬಿರಿಯುವ, ಒಂದು ಹದ ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುವ ನೆಲದ ಮೇಲೆ ನೇರವಾದ ಗೆರೆ ಎಳೆಯುವುದೇ ಒಂದು ವಿದ್ಯೆ. ಬಳಿಕ ಮಕ್ಕಳ ಹಾಜರಿ, ಧ್ವನಿವರ್ಧಕ, ಅತಿಥಿಗಳ ಹಾರ, ಮಧ್ಯಾಹ್ನದ ಊಟ. ಇವುಗಳ ನಡುವೆ ಕೊರಳಿಗೆ ಸೀಟಿ ಕಟ್ಟಿಕೊಂಡು ಒಂದರ ಮೇಲೊಂದು ಪಂದ್ಯ ನಡೆಸಬೇಕು.

ನಿಯಮಪುಸ್ತಕದ ಪ್ರಕಾರ ಕಬಡ್ಡಿ ಪಂದ್ಯವೊಂದಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರರು, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರು, ಒಟ್ಟು ಆರು ಮಂದಿ. ಅಂಪೈರರು ಅಂಕಣದ ಎರಡು ಬದಿಯಲ್ಲಿ ನಿಂತು ತೀರ್ಪು ಕೊಡುತ್ತಾರೆ. ಅವರಿಬ್ಬರಲ್ಲಿ ಅಭಿಪ್ರಾಯ ಭೇದವುಂಟಾದಾಗ ರೆಫರಿಯ ಮಾತು ಕೊನೆಯದು. ತಾಲ್ಲೂಕು ಕೂಟದಲ್ಲಿ ಒಂದೇ ಹೊತ್ತಿಗೆ ಮೂರು ಅಂಕಣಗಳಲ್ಲಿ ಆಟ ನಡೆಯುವಾಗ ಆರು ಮಂದಿಯನ್ನು ಎಲ್ಲಿಂದ ತರುವುದು? ಇಬ್ಬರು ಸಿಕ್ಕಿದರೆ ಪುಣ್ಯ. ಆ ಇಬ್ಬರಲ್ಲಿಯೂ ಒಬ್ಬರು ಆಡುತ್ತಿರುವ ತಂಡದ ಶಾಲೆಯವರೇ ಆಗಿದ್ದರೆ ಗೆರೆಯ ಹೊರಗೆ ನಿಂತವರ ನಾಲಗೆಗೆ ಕಡಿವಾಣವೆಲ್ಲಿ? “ಏನ್ರೀ ಸರ್, ಕಣ್ಣು ಕಾಣಂಗಿಲ್ಲೇನು?” ಎಂಬುದು ಅಲ್ಲಿ ಕೇಳಿಬರುವ ಮಾತುಗಳಲ್ಲೆಲ್ಲ ಅತಿ ಸೌಮ್ಯವಾದುದು.

ಒಂದು ಗಂಟೆ ನಿಂತುಹೋದ ಪಂದ್ಯ

ತಪ್ಪು ತಾಲ್ಲೂಕಿನ ತೀರ್ಪುಗಾರರಿಂದ ಮಾತ್ರ ಆಗುತ್ತದೆಂದು ಯಾರೂ ಭಾವಿಸಬಾರದು. 2023ರ ಅಕ್ಟೋಬರ್ 7ರಂದು ಚೀನದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿ ಅಂತಿಮ ಪಂದ್ಯವನ್ನು ವಾಚಕರಲ್ಲಿ ಹಲವರು ದೂರದರ್ಶಕದಲ್ಲಿ ಕಂಡಿರಬೇಕು. ಭಾರತಕ್ಕೂ ಇರಾನಿಗೂ ತಲಾ 28 ಅಂಕ. ಮುಗಿಯಲು ಇನ್ನು ಕೆಲವೇ ಕ್ಷಣ. ನಮ್ಮ ಪವನ್ ಸೆಹ್ರಾವತ್ ಎದುರಾಳಿಯ ಅಂಕಣಕ್ಕೆ ನುಗ್ಗಿದಾಗ, ಯಾರನ್ನೂ ಮುಟ್ಟುವ ಮೊದಲೇ ಪಕ್ಕದ ಲಾಬಿಗೆ ಕಾಲಿಟ್ಟನೆಂಬ ಪ್ರಶ್ನೆಯೆದ್ದಿತು. ಅವನ ಬೆನ್ನಿಗೆ ಇರಾನಿನ ರಕ್ಷಕರೂ ಲಾಬಿಗೆ ಇಳಿದಿದ್ದರು.

ಲಾಬಿಯೆಂದರೆ ಅಂಕಣದ ಎರಡು ಪಕ್ಕಗಳಲ್ಲಿ ಒಂದೊಂದು ಮೀಟರ್ ಅಗಲದ ಪಟ್ಟಿ. ರೈಡರನಿಗೂ ರಕ್ಷಕರಿಗೂ ಮೈಮುಟ್ಟಿ ಸೆಣಸಾಟ ಆರಂಭವಾದ ಮೇಲೆ ಅದು ಅಂಕಣದ ಭಾಗ, ಅಲ್ಲಿಯವರೆಗೆ ಹೊರಗು. ಹಾಗಾದರೆ ಅಂದು ಔಟಾದವನು ರೈಡರನೊಬ್ಬನೆ, ಅವನ ಹಿಂದೆ ಹೋದವರೂ ಕೂಡಿಯೆ? ಹಳೆಯ ನಿಯಮ ಒಂದು ಮಾತು ಹೇಳುತ್ತದೆಂದು ಒಬ್ಬರು, ಹೊಸ ನಿಯಮ ಬೇರೆ ಹೇಳುತ್ತದೆಂದು ಇನ್ನೊಬ್ಬರು. ತೀರ್ಪು ಒಮ್ಮೆ ಹೀಗಾಯಿತು, ಒಮ್ಮೆ ಹಾಗಾಯಿತು. ಆಟಗಾರರು ಮ್ಯಾಟಿನ ಮೇಲೆಯೇ ಕುಳಿತುಬಿಟ್ಟರು. ಸುಮಾರು ಒಂದು ಗಂಟೆ ಕಾಲ ಪಂದ್ಯ ಸ್ಥಗಿತವಾಗಿ, ಕೊನೆಗೆ ಭಾರತ 33-29ರಿಂದ ಗೆದ್ದಿತು. ಗೆಲವು ನಮ್ಮದಾದುದರಿಂದ ನಾವು ಆ ಗಂಟೆಯನ್ನು ಬೇಗ ಮರೆತೆವು, ಇರಾನಿನವರು ಮರೆತಿರಲಾರರು.

ಅಲ್ಲಿ ಕ್ಯಾಮೆರಾಗಳಿದ್ದವು, ತಜ್ಞರಿದ್ದರು, ಪುನಃ ಪುನಃ ನೋಡಲು ಪರದೆಯಿತ್ತು. ಅಂಥ ಕಡೆಯೇ ಒಂದು ಗಂಟೆ ಬೇಕಾದ ಪ್ರಶ್ನೆಯನ್ನು, ಅರ್ಧ ಅಳಿಸಿಹೋದ ಸುಣ್ಣದ ಗೆರೆಯ ಮೇಲೆ ದೇವದುರ್ಗದ ಮಾಸ್ತರರು ಅರೆಕ್ಷಣದಲ್ಲಿ ಬಗೆಹರಿಸಬೇಕು. ನಾಳೆ ಶಾಲೆಗೆ ಹೋಗಿ ಅದೇ ಮಕ್ಕಳ ಮುಖವನ್ನೂ ನೋಡಬೇಕು.

ನಾವು ಇಲ್ಲಿ ಕೇಳಬೇಕಾದ ಪ್ರಶ್ನೆ, ಇವರು ತಪ್ಪುತ್ತಾರೆಯೆ ಎಂಬುದಲ್ಲ. ತಪ್ಪಿದಾಗ ಅದನ್ನು ಇವರಿಗೆ ತಿಳಿಯಹೇಳುವವರು ಯಾರಿದ್ದಾರೆ ಎಂಬುದು. ಆಟಗಾರನಿಗೆ ಕೋಚ್ ಇದ್ದಾರೆ. ಪಾಠ ಮಾಡುವ ಶಿಕ್ಷಕರ ತರಗತಿಗೆ ಇನ್ಸ್‌ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ತೀರ್ಪುಗಾರನ ಕೆಲಸವನ್ನು ಅವನ ಹಿತಕ್ಕಾಗಿ ನೋಡುವ ಕಣ್ಣು ಮಾತ್ರ ನಮ್ಮ ತಾಲ್ಲೂಕು ಮೈದಾನಗಳಲ್ಲಿ ಇನ್ನೂ ಪದ್ಧತಿಯಾಗಿ ಬೆಳೆದಿಲ್ಲ. ನೋಡುವ ಕಣ್ಣುಗಳೇನೋ ಸಾವಿರವಿವೆ. ಎಲ್ಲವೂ ಅವನ ತಪ್ಪಿಗಾಗಿ ಕಾದಿರುತ್ತವೆ.

ತಂದೆ ಒಂದು ತುದಿ, ಮಗ ಇನ್ನೊಂದು ತುದಿ

ಅನ್ಯ ಆಟಗಳಲ್ಲಿ ಇದಕ್ಕೆ ಏನು ಮಾಡಿದ್ದಾರೆ ನೋಡೋಣ. ಕ್ರಿಕೆಟ್ಟಿನಲ್ಲಿ ಬಹುಕಾಲ ಪಂದ್ಯ ಮುಗಿದ ಮೇಲೆ ಎರಡೂ ತಂಡಗಳ ನಾಯಕರು ಅಂಪೈರರ ಬಗೆಗೆ ವರದಿ ಬರೆಯುತ್ತಿದ್ದರು; ಇಂಗ್ಲೆಂಡಿನ ಕೌಂಟಿ ಪಂದ್ಯಗಳಲ್ಲಿ ನಾಯಕರು ಅಂಕಗಳನ್ನೇ ಕೊಡುತ್ತಿದ್ದರು. ಇದರಲ್ಲಿನ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊನ್ನೆಗೆ ಎಲ್‌ಬಿಡಬ್ಲ್ಯು ಆಗಿ ಬಂದ ನಾಯಕನ ಲೇಖನಿಯಿಂದ ಎಂಥ ಅಂಕ ಇಳಿದೀತು? ಗೆದ್ದವನ ವರದಿ ಹಾಲು, ಸೋತವನ ವರದಿ ಹಾಲಾಹಲ. ಎರಡರಿಂದಲೂ ಅಂಪೈರನಿಗೆ ತಾನು ಎಲ್ಲಿ ನಿಲ್ಲಬೇಕಾಗಿತ್ತೆಂಬುದು ತಿಳಿಯುವುದಿಲ್ಲ.

ನಮ್ಮ ನಾಡಿನಲ್ಲಿ ಈ ವಿದ್ಯೆ ಬೇರೊಂದು ದಾರಿಯಿಂದಲೂ ಸಾಗಿಬಂದಿದೆ. ಎಂ. ಜಿ. ವಿಜಯಸಾರಥಿಯವರು 1950ರ ದಶಕದಲ್ಲಿ ಟೆಸ್ಟ್ ಪಂದ್ಯಗಳ ಅಂಪೈರರಾಗಿದ್ದರು. ಅವರ ಮಗ ಎಂ. ವಿ. ನಾಗೇಂದ್ರರೂ ಅದೇ ಬಿಳಿಯ ಕೋಟು ತೊಟ್ಟರು. 1960-61ರ ರಣಜಿ ಋತುವಿನಲ್ಲಿ ಬೆಂಗಳೂರಿನಲ್ಲಿ ಮೈಸೂರಿಗೂ ಆಂಧ್ರಕ್ಕೂ ನಡೆದ ಪಂದ್ಯದಲ್ಲಿ ತಂದೆ ಒಂದು ತುದಿಯಲ್ಲಿ, ಮಗ ಇನ್ನೊಂದು ತುದಿಯಲ್ಲಿ ನಿಂತು ತೀರ್ಪು ಕೊಟ್ಟರು. ಮುಂದೆ ನಾಗೇಂದ್ರರೂ ಟೆಸ್ಟ್ ಅಂಪೈರರಾದರು. ಇಪ್ಪತ್ತೆರಡು ಗಜದಾಚೆ ಬಲ್ಲ ಹಿರಿಯರೊಬ್ಬರು ನಿಂತಿದ್ದಾರೆ, ಸಂಜೆ ಮನೆಗೆ ಹೋದ ಮೇಲೆ ದಿನದ ತೀರ್ಪುಗಳ ಮಾತು ಬಂದೇ ಬರುತ್ತದೆ ಎಂಬ ಭಾಗ್ಯ ಎಷ್ಟು ಅಂಪೈರರಿಗುಂಟು?

ಎಲ್ಲರಿಗೂ ಅಂಥ ತಂದೆ ಸಿಕ್ಕುವುದಿಲ್ಲವಾದುದರಿಂದ ಕ್ರಿಕೆಟ್ಟಿನವರು ಆ ಹಿರಿಯನನ್ನು ಒಂದು ಹುದ್ದೆಯಾಗಿ ಮಾಡಿದರು. ಮೈಸೂರಿನ ಜಾವಗಲ್ ಶ್ರೀನಾಥರು ಚೆಂಡು ಎಸೆಯುವುದನ್ನು ಬಿಟ್ಟು 2006ರಲ್ಲಿ ಅಂತರರಾಷ್ಟ್ರೀಯ ಮ್ಯಾಚ್ ರೆಫರಿಯಾದರು. ಮ್ಯಾಚ್ ರೆಫರಿಯೆಂದರೆ ಜಗಳವಾಡಿದ ಆಟಗಾರರಿಗೆ ದಂಡ ಹಾಕುವವರೆಂದಷ್ಟೇ ಬಹುಜನರ ತಿಳಿವಳಿಕೆ. ಪಂದ್ಯದ ಅಂಪೈರರು ಹೇಗೆ ಕೆಲಸ ಮಾಡಿದರೆಂದು ವರದಿ ಬರೆಯುವುದೂ ಅವರ ಕರ್ತವ್ಯಗಳಲ್ಲಿ ಒಂದು. ಕರ್ನಾಟಕದ ಪರವಾಗಿ ಆಡಿ ಬಳಿಕ ಅಂಪೈರರಾದ ಎ. ವಿ. ಜಯಪ್ರಕಾಶರು, 1999ರಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಕಿತ್ತ ಪಂದ್ಯದ ಇಬ್ಬರು ಅಂಪೈರರಲ್ಲಿ ಒಬ್ಬರು. ಅಂಥ ದಿನ ಬೌಲರನ ಕೂಗಿಗೂ ಪ್ರೇಕ್ಷಕರ ಆವೇಶಕ್ಕೂ ನಡುವೆ ಮನಸ್ಸನ್ನು ತೂಕದಲ್ಲಿಟ್ಟುಕೊಳ್ಳುವುದು ಹುಟ್ಟಿನಿಂದ ಬರುವ ಗುಣವಲ್ಲ. ನೂರಾರು ಸಣ್ಣ ಪಂದ್ಯಗಳಲ್ಲಿ ನಿಂತು ಕೂಡಿಸಿಕೊಂಡ ಗಂಟು ಅದು.

ಪರೀಕ್ಷೆಗಳೂ ಇವೆ. 2022ರಲ್ಲಿ ಅಹಮದಾಬಾದಿನಲ್ಲಿ ಕ್ರಿಕೆಟ್ ಮಂಡಳಿ ನಡೆಸಿದ ಅಂಪೈರರ ಪರೀಕ್ಷೆಗೆ ಕುಳಿತ 140 ಮಂದಿಯಲ್ಲಿ ತೇರ್ಗಡೆಯಾದವರು ಮೂವರೇ ಎಂದು ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. ಆಟಗಾರನ ನೆರಳು ಪಿಚ್ಚಿನ ಮೇಲೆ ಬಿದ್ದು ಬ್ಯಾಟುದಾರ ದೂರಿಕೊಂಡರೆ ಏನು ಮಾಡುವಿರಿ, ಮರದ ನೆರಳಾದರೆ ಏನು ಮಾಡುವಿರಿ ಎಂಬಂಥ ಪ್ರಶ್ನೆಗಳಂತೆ. ಮರಕ್ಕೆ ಏನೂ ಹೇಳುವಂತಿಲ್ಲ. ಆಟಗಾರನಿಗೆ ಅಲುಗದೆ ನಿಲ್ಲೆಂದು ಹೇಳಬೇಕು, ಅಲುಗಿದರೆ ಆ ಚೆಂಡನ್ನು ಡೆಡ್ ಬಾಲ್ ಎನ್ನಬೇಕು. ಪರೀಕ್ಷೆ ಕಠಿಣವಾಗಿರುವುದು ಒಳ್ಳೆಯದೇ. ಆದರೆ ಪರೀಕ್ಷೆಯಲ್ಲಿ ಬಿದ್ದ 137 ಮಂದಿಗೆ ತಾವು ಯಾವುದರಲ್ಲಿ ಹಿಂದೆ ಬಿದ್ದೆವೆಂದು ತಿಳಿಸಿ ಮತ್ತೆ ಮೈದಾನಕ್ಕೆ ಕಳುಹುವವರಿಲ್ಲದಿದ್ದರೆ ಅದು ಜರಡಿಯಾದೀತೇ ಹೊರತು ಶಾಲೆಯಾಗಲಾರದು.

ಕ್ರಿಕೆಟ್ಟಿಗೆ ಹಣವಿದೆ, ರಾಜ್ಯ ಸಂಸ್ಥೆಗೆ ರಾಯಚೂರು ವಲಯವೆಂಬ ಪ್ರತ್ಯೇಕ ವಲಯವೇ ಇದೆ. ಕಬಡ್ಡಿ, ಖೊ ಖೊಗಳ ಮಾಸ್ತರರು ನೋಡಬೇಕಾದುದು ಕಾಲ್ಚೆಂಡಾಟದ ಕಡೆಗೆ. ಅಲ್ಲಿ ದೊಡ್ಡ ಪಂದ್ಯಗಳಿಗೆ ರೆಫರಿಯನ್ನು ಮಾತ್ರ ನೋಡಲು ಒಬ್ಬ ಅನುಭವಿಯನ್ನು ಕಳುಹಿಸುತ್ತಾರೆ. ಆತ ಗೋಲುಗಳ ಲೆಕ್ಕ ಇಡುವುದಿಲ್ಲ. ರೆಫರಿ ಚೆಂಡಿಗೆ ಎಷ್ಟು ಹತ್ತಿರವಿದ್ದ, ಯಾವ ಕೋನದಿಂದ ನೋಡಿದ, ಮೊದಲ ಒರಟಾಟಕ್ಕೆ ಏನು ಮಾಡಿದ, ಹಳದಿ ಚೀಟಿಯನ್ನು ಸಿಟ್ಟಿನಿಂದ ತೋರಿಸಿದನೆ ಶಾಂತವಾಗಿ ತೋರಿಸಿದನೆ ಎಂಬುದನ್ನು ಬರೆದುಕೊಳ್ಳುತ್ತಾನೆ. ಯೂರೋಪಿನ ಪದ್ಧತಿಯಲ್ಲಿ ಹತ್ತಕ್ಕೆ 8.3 ಅಥವಾ 8.4 ಬಂದರೆ ನಿರೀಕ್ಷಿಸಿದಷ್ಟು ಚೆನ್ನಾಗಿ ನಡೆಸಿದನೆಂದರ್ಥ. ಉಳಿದುದೆಲ್ಲ ಸರಿಯಿದ್ದು ಸ್ಪಷ್ಟವಾದ ಒಂದು ದೊಡ್ಡ ತಪ್ಪಾಗಿದ್ದರೆ 7.9. ಈ ಅರ್ಧ ಅಂಕದ ಅಂತರದಲ್ಲಿ ಒಂದು ವಿವೇಕ ಅಡಗಿದೆ. ತಪ್ಪು ತಪ್ಪೇ, ಆದರೆ ತೊಂಬತ್ತು ನಿಮಿಷದ ದುಡಿಮೆಯನ್ನು ಅದೊಂದೇ ನುಂಗಿಹಾಕಬಾರದೆಂಬ ವಿವೇಕ. ಅಲ್ಲದೆ 2010ರಿಂದ ಸ್ವಿಟ್ಜರ್ಲೆಂಡಿನ ನ್ಯೋನ್ ಪಟ್ಟಣದಲ್ಲಿ ಎಳೆಯ ರೆಫರಿಗಳಿಗಾಗಿ ತರಬೇತಿ ಕೇಂದ್ರವೊಂದು ನಡೆಯುತ್ತಿದೆ. ಅಲ್ಲಿಗೆ ರೆಫರಿಯೊಬ್ಬನನ್ನೇ ಕರೆಯುವುದಿಲ್ಲ. ಅವನ ಇಬ್ಬರು ಸಹಾಯಕರನ್ನೂ ಜೊತೆಗೆ ಕರೆಯುತ್ತಾರೆ. ಮೂವರ ಕಣ್ಣು ಕೂಡಿದರೆ ಒಂದು ತೀರ್ಪು.

ಎರಡು ರೂಪಾಯಿಯ ನೋಟುಬುಕ್ಕಲ್ಲ, ಇಪ್ಪತ್ತು ರೂಪಾಯಿಯದೇ ಇರಲಿ

ರಾಯಚೂರಿಗೆ ನ್ಯೋನ್ ಬೇಕಾಗಿಲ್ಲ. ಬೇಕಾದುದು ಒಂದು ಕುರ್ಚಿ, ಒಂದು ನೋಟುಬುಕ್ಕು, ನಿವೃತ್ತರಾದ ಒಬ್ಬ ದೈಹಿಕ ಶಿಕ್ಷಕರು. ಮೂವತ್ತು ವರ್ಷ ಸೀಟಿ ಊದಿ ಮನೆಯಲ್ಲಿ ಕುಳಿತ ಇಂಥ ಹಿರಿಯರು ರಾಯಚೂರು ನಗರದಲ್ಲಿಯೂ ಇದ್ದಾರೆ, ಮಾನ್ವಿಯಲ್ಲಿಯೂ ಇದ್ದಾರೆ. ಕ್ರೀಡಾಕೂಟದ ಸಮಾರೋಪಕ್ಕೆ ಇವರನ್ನು ಕರೆದು ಶಾಲು ಹೊದಿಸುವುದುಂಟು. ಶಾಲಿನ ಬದಲು ಕುರ್ಚಿಯನ್ನೇ ಕೊಟ್ಟು, “ಸರ್, ಈ ಪಂದ್ಯ ಮುಗಿಯುವವರೆಗೆ ನಮ್ಮ ಹೊಸ ರೆಫರಿಯನ್ನು ಮಾತ್ರ ನೋಡಿರಿ” ಎಂದು ಕೇಳಿಕೊಂಡರೆ ಅವರು ಇಲ್ಲವೆನ್ನಲಾರರು.

ಏನು ನೋಡಬೇಕು? ಮೊದಲು ನಿಲುವು. ಕಬಡ್ಡಿಯಲ್ಲಿ ಬೋನಸ್ ಅಂಕದ ಜಗಳವೆಲ್ಲ ಇಲ್ಲಿಯೇ ಹುಟ್ಟುತ್ತದೆ: ಎದುರಾಳಿಗಳು ಆರು ಮಂದಿಯಾದರೂ ಅಂಕಣದಲ್ಲಿರುವಾಗ ರೈಡರನ ಒಂದು ಕಾಲು ಬೋನಸ್ ಗೆರೆಯನ್ನು ದಾಟಿರಬೇಕು, ಇನ್ನೊಂದು ಕಾಲು ನೆಲವನ್ನು ಬಿಟ್ಟಿರಬೇಕು. ಗೆರೆಯ ನೇರಕ್ಕೆ ನಿಲ್ಲದವನಿಗೆ ಇದು ಕಾಣುವುದೇ ಇಲ್ಲ; ಅವನು ಊಹಿಸಿ ಊದುತ್ತಾನೆ. ಖೊ ಖೊದಲ್ಲಿ, ಕುಳಿತವನನ್ನು ಬೆನ್ನ ಹಿಂದಿನಿಂದ ಮುಟ್ಟಿ ಖೊ ಎಂದನೆ, ಎದ್ದವನು ಹಿಡಿದ ದಿಕ್ಕನ್ನು ಬದಲಿಸಿದನೆ ಎಂಬುದನ್ನು ಹಿಡಿಯಲು ಅಂಪೈರನು ಆಟದ ಜೊತೆಗೇ ಓಡಬೇಕು. ವಾಲಿಬಾಲಿನ ಮೊದಲ ರೆಫರಿಯನ್ನು ಬಲೆಯ ಮೇಲ್ಗಡೆಗಿಂತ ಅರ್ಧ ಮೀಟರ್ ಎತ್ತರಕ್ಕೆ ಕಣ್ಣು ಬರುವಂತೆ ನಿಲ್ಲಿಸಬೇಕೆಂದು ನಿಯಮವಿದೆ. ನಮ್ಮಲ್ಲಿ ಬೆಂಚಿನ ಮೇಲೆ ಬೆಂಚು ಪೇರಿಸಿ ನಿಲ್ಲಿಸುತ್ತಾರೆ. ಅವರಿಗೆ ಬಲೆಯ ಚಿಂತೆಗಿಂತ ಬೀಳುವ ಚಿಂತೆಯೇ ಹೆಚ್ಚು. ಇದು ರೆಫರಿಯ ದೋಷವಲ್ಲ, ಕೂಟ ನಡೆಸುವವರ ದೋಷ. ಅದನ್ನೂ ನೋಟುಬುಕ್ಕಿನಲ್ಲಿ ಬರೆಯಬೇಕು.

ಬಳಿಕ ಸೀಟಿಯ ಹೊತ್ತು, ಕೈಸನ್ನೆಯ ಸ್ಪಷ್ಟತೆ, ಎರಡು ಕಡೆಗೂ ಒಂದೇ ಅಳತೆ. ಕಡೆಯದಾಗಿ ಮನಸ್ಸಿನ ಸಮಾಧಾನ. ಒಂದು ತಪ್ಪು ತೀರ್ಪು ಕೊಟ್ಟನೆಂದು ತನಗೇ ಅನಿಸಿದ ರೆಫರಿ, ಅದನ್ನು ಸರಿದೂಗಿಸಲು ಇನ್ನೊಂದು ತಂಡಕ್ಕೆ ಒಂದು ಅಂಕ ದಾನ ಮಾಡುವುದುಂಟು. ಕರುಣೆಯಿಂದ ಮಾಡಿದರೂ ಅದು ಎರಡನೆಯ ತಪ್ಪು. ಗೆರೆಯ ಹೊರಗೆ ಕುಳಿತ ಅನುಭವಿಯ ಕಣ್ಣಿಗೆ ಇದು ತಟ್ಟನೆ ಹೊಳೆಯುತ್ತದೆ, ಪ್ರೇಕ್ಷಕರಿಗೆ ಹೊಳೆಯುವುದಿಲ್ಲ.

ಹೇಳುವುದನ್ನು ಪಂದ್ಯ ಮುಗಿದ ಮೇಲೆ, ಇಬ್ಬರೇ ಕುಳಿತು ಹೇಳಬೇಕು. ಮಕ್ಕಳೆದುರಿಗೆ ಹೇಳಿದರೆ ಅದು ಶಿಕ್ಷಣವಲ್ಲ, ಶಿಕ್ಷೆ. ಮೊದಲ ಎರಡು ಮೂರು ವರ್ಷ ಅಂಕ ಕೊಡದಿರುವುದೇ ಮೇಲೆಂದು ನನಗೆ ತೋರುತ್ತದೆ. ಅಂಕ ಬಂದ ಕೂಡಲೆ ಅದನ್ನು ಯಾರು ನೋಡುತ್ತಾರೆ, ಯಾವ ಕಡತಕ್ಕೆ ಸೇರುತ್ತದೆ ಎಂಬ ಅಂಜಿಕೆ ಹುಟ್ಟುತ್ತದೆ, ಅಂಜಿದವನು ಕಲಿಯುವುದಿಲ್ಲ.

ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಚಿತ್ರ ತೆಗೆಯುವ ಮೊಬೈಲು ಇದೆ. ರೆಫರಿಯ ಒಂದು ತಪ್ಪನ್ನು ಹಿಡಿದು ಸಂಜೆಯೊಳಗೆ ಊರೆಲ್ಲ ಹಂಚಿ ನಗುವುದಕ್ಕೆ ಅದು ಬಳಕೆಯಾಗುತ್ತಿದೆ. ಅದೇ ಮೊಬೈಲನ್ನು ಒಂದು ಮೂರುಕಾಲಿನ ಸ್ಟ್ಯಾಂಡಿಗೆ ಕಟ್ಟಿ ಅಂಕಣದ ಮೂಲೆಯಲ್ಲಿಟ್ಟರೆ, ಹಿರಿಯರೂ ಕಿರಿಯರೂ ಕೂಡಿ ಪಂದ್ಯವನ್ನು ಮತ್ತೊಮ್ಮೆ ನೋಡಬಹುದು. ಹಾಂಗ್‌ಝೌವಿನ ಪರದೆಯ ಚಿಕ್ಕ ತಮ್ಮ!

ಶಿಕ್ಷಕಿಯರ ಮಾತನ್ನೂ ಇಲ್ಲಿಯೇ ಆಡಬೇಕು. ಹೆಣ್ಣುಮಕ್ಕಳ ಪಂದ್ಯಗಳಲ್ಲಿ ಕೂಡ ಶಿಕ್ಷಕಿಯರನ್ನು ಸ್ಕೋರಿನ ಮೇಜಿಗೆ ಕೂರಿಸಿ ಸೀಟಿಯನ್ನು ಪುರುಷರ ಕೊರಳಿಗೆ ಹಾಕುವ ವಾಡಿಕೆ ಇನ್ನೂ ಹೋಗಿಲ್ಲ. ನಮ್ಮ ನೆರೆಯ ಆಂಧ್ರದ ಜಿ. ಎಸ್. ಲಕ್ಷ್ಮಿಯವರು 2019ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ಟಿನ ಮೊದಲ ಮಹಿಳಾ ಮ್ಯಾಚ್ ರೆಫರಿಯಾದರು. 2023ರ ಜನವರಿಯಲ್ಲಿ ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್ ಎಂಬ ಮೂವರು ಪುರುಷರ ರಣಜಿ ಪಂದ್ಯಗಳಿಗೇ ಅಂಪೈರರಾಗಿ ನಿಂತರು. ಮಾನ್ವಿಯ ಖೊ ಖೊ ಅಂಕಣಕ್ಕೆ ಇದು ದೂರದ ಮಾತೇನಲ್ಲ.

ಹೊರಗೆ ನಿಂತವರು

ತೀರ್ಪುಗಾರರನ್ನು ಬೆಳೆಸುವುದು ಒಂದು ಕಡೆ. ಇರುವವರನ್ನು ಉಳಿಸಿಕೊಳ್ಳುವುದು ಇನ್ನೊಂದು. ಇಂಗ್ಲೆಂಡಿನಲ್ಲಿ ಭಾನುವಾರದ ಸಣ್ಣ ಕಾಲ್ಚೆಂಡು ಪಂದ್ಯಗಳ ರೆಫರಿಗಳ ಮೇಲೆ ಬೈಗಳೂ ಹಲ್ಲೆಯೂ ಅತಿಯಾಗಿ, 2023ರ ಫೆಬ್ರವರಿಯಲ್ಲಿ ಮಿಡಲ್ಸ್‌ಬರೋ ಪ್ರದೇಶದಿಂದ ಆರಂಭಿಸಿ ಅವರ ಎದೆಗೆ ಕ್ಯಾಮೆರಾ ಕಟ್ಟುವ ಪ್ರಯೋಗ ಮಾಡಬೇಕಾಯಿತು. ಕಾಲ್ಚೆಂಡಾಟದ ತವರಿನ ಗತಿಯೇ ಹೀಗೆ. ನಮ್ಮ ನಗರಗಳಲ್ಲಿ ಮಗನನ್ನು ಬೇಸಿಗೆ ಶಿಬಿರಕ್ಕೆ ಸೇರಿಸಿ, ಭಾನುವಾರದ ಪಂದ್ಯಕ್ಕೆ ಕುಟುಂಬಸಮೇತ ಹೋಗುವ ತಂದೆತಾಯಿಯರು ಒಮ್ಮೆ ತಮ್ಮ ಮಾತನ್ನೇ ಕಿವಿಗೊಟ್ಟು ಕೇಳಿಕೊಳ್ಳಬಹುದು. ಹತ್ತು ವರ್ಷದ ಹುಡುಗನಿಗೆ ಎಲ್‌ಬಿಡಬ್ಲ್ಯು ಕೊಟ್ಟ ಅಂಪೈರನು ಇನ್ನೂ ಕಾಲೇಜಿನಲ್ಲಿ ಓದುತ್ತಿರುವ ಹುಡುಗನಾಗಿರಬಹುದಲ್ಲವೆ?

ರಾಯಚೂರಿನಲ್ಲಿಯೇ ಇದಕ್ಕೆ ಬೇರೊಂದು ಮಾದರಿಯಿದೆ. ಕಾರಹುಣ್ಣಿಮೆಯ ಹೊತ್ತಿಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲನ್ನು ಎಳೆಯುತ್ತವೆ. ಆಂಧ್ರ, ತೆಲಂಗಾಣಗಳಿಂದಲೂ ಜೋಡಿಗಳು ಬರುತ್ತವೆ. ಬಹುಮಾನವೂ ದೊಡ್ಡದು, ಪ್ರತಿಷ್ಠೆ ಅದಕ್ಕಿಂತ ದೊಡ್ಡದು. ಗೊತ್ತಾದ ಸಮಯದಲ್ಲಿ ಕಲ್ಲು ಎಷ್ಟು ದೂರ ಸಾಗಿತೆಂಬುದನ್ನು ಟೇಪು ಹಿಡಿದು ಅಳೆಯುತ್ತಾರೆ. ಟೇಪು ಹೇಳಿದ ಮೇಲೆ ವಾದಕ್ಕೆ ಎಡೆಯಿಲ್ಲ. ಕಬಡ್ಡಿಯ ರೆಫರಿಗೆ ಅಂಥ ಟೇಪಿಲ್ಲ. ಅವನ ಕಣ್ಣೇ ಟೇಪು. ಆ ಟೇಪನ್ನು ಆಗಾಗ ಎಳೆದು ನೋಡಿ ಸರಿಮಾಡುವವರು ಬೇಕಾಗಿದ್ದಾರೆ.

ಹಾಗೆ ಸರಿಮಾಡುವ ಮಾತು ಹೇಗಿರಬಹುದು? ತಾಲ್ಲೂಕು ಕೂಟದ ಸಂಜೆ, ಮಕ್ಕಳೆಲ್ಲ ಬಸ್ಸಿಗೆ ಓಡಿದ ಮೇಲೆ, ಬೇವಿನ ಮರದ ಕೆಳಗೆ ಕುಳಿತ ಇಬ್ಬರನ್ನು ಊಹಿಸಿಕೊಳ್ಳಿರಿ. ಹಿರಿಯರ ಕೈಯಲ್ಲಿ ನೋಟುಬುಕ್ಕು, ಕಿರಿಯರ ಕೊರಳಲ್ಲಿ ಇನ್ನೂ ಸೀಟಿ.

“ಮೊದಲನೇ ಅರ್ಧ ಚೊಲೊ ನಡಿಸಿದ್ರಿ ಮಾಸ್ತರ. ಆ ಬೋನಸ್ ಕೊಡ್ಲಿಲ್ಲಲ್ಲ, ಆಗ ಎಲ್ಲಿ ನಿಂತಿದ್ರಿ?”

“ನಡುಗೆರಿ ಹತ್ರ ಇದ್ದೆ ಸರ್.”

“ಅಲ್ಲಿಂದ ಅವನ ಬೆನ್ನು ಕಾಣತೈತಿ, ಹಿಂದಿನ ಕಾಲು ಕಾಣಂಗಿಲ್ಲ. ಮಂದಿ ಒದರಿದ್ರು ಅಂತ ಕೊಡ್ಲಿಲ್ಲೋ, ಕಾಣಲಿಲ್ಲ ಅಂತ ಕೊಡ್ಲಿಲ್ಲೋ?”

“ಕಾಣಲಿಲ್ಲ ಸರ್.”

“ಹಂಗಾದ್ರ ಚಿಂತಿಲ್ಲ. ನಾಳೆ ಎರಡ್ಹೆಜ್ಜಿ ಮುಂದ ಬಂದು ಗೆರಿ ನೇರಕ್ಕ ನಿಂದರ್ರಿ. ನಾನೂ ಬರ್ತೀನಿ.”